ಮೆಸ್ಸಿನಲ್ಲಿ ಬಿದ್ದವನು ಯಾರು

ಆರೋಗ್ಯ ವಿಮೆಯ ಕಂಪನಿ ಬದಲಾಯಿಸುವುದು ಮೊಬೈಲಿನ ಕಂಪನಿ ಬದಲಾಯಿಸಿದಷ್ಟೇ ಸಲೀಸು ಎಂದು ಏಜೆಂಟ್ ಹೇಳಿದ್ದರು. ನಂಬರ್ ಅದೇ ಉಳಿಯುತ್ತದೆ, ಕಂಪನಿ ಮಾತ್ರ ಬೇರೆಯಾಗುತ್ತದೆ. ಇದಕ್ಕೂ ಅವರು ಪೋರ್ಟ್ ಎಂಬ ಅದೇ ಪದ ಬಳಸಿದರು. ದೆಹಲಿಯ ಜನಕಪುರಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಚಹಾ ಕುಡಿಯುತ್ತ ಆಕೆ ಇದನ್ನು ಹೇಳಿದರು ಎಂದು ಇಲ್ಲಿ ಮೊದಲು ಬರೆದಿದ್ದೆ. ಹೆಂಡತಿ ಅದನ್ನು ಓದಿ, ಆಕೆ ನಮ್ಮ ಮನೆಗೆ ಬಂದೇ ಇಲ್ಲ, ಎಲ್ಲ ಮಾತೂ ಫೋನಿನಲ್ಲೇ ಆದದ್ದು ಎಂದಳು. ಇರಬಹುದು. ಹಾಗಿದ್ದರೆ ಆ ಚಹಾದ ಕಪ್ಪನ್ನು, ಬಸಿಯ ಅಂಚಿನಲ್ಲಿ ಆಕೆ ಇಟ್ಟ ಅರ್ಧ ಬಿಸ್ಕತ್ತನ್ನು ನಾನು ಎಲ್ಲಿಂದ ತಂದೆನೋ ಗೊತ್ತಾಗುತ್ತಿಲ್ಲ. ಮುಂದಿನದನ್ನು ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಒಳ್ಳೆಯದು.

ನನಗೆ ಸಕ್ಕರೆ ಕಾಯಿಲೆ ಇದೆ. ಗೊತ್ತಾದದ್ದು ಐದು ವರ್ಷದ ಹಿಂದೆ, ಹಲ್ಲು ಕೀಳಿಸಲು ಹೋದಾಗ. ಕೀಳುವ ಮೊದಲು ರಕ್ತ ಪರೀಕ್ಷೆಯಾಗಲಿ ಎಂದು ಹಲ್ಲಿನ ಡಾಕ್ಟರು ಬರೆದುಕೊಟ್ಟರು. ವರದಿ ಬಂದಾಗ ಹಲ್ಲನ್ನು ಬಿಟ್ಟು ನನ್ನ ಮುಖ ನೋಡಿದರು. ಹೆದರಿಕೆಯಾಗಿ ಆಗಲೇ ವಿಮೆ ಮಾಡಿಸಿದೆ. ನಾನು ಅನುವಾದ ಮಾಡಿ, ಪಠ್ಯಪುಸ್ತಕಗಳ ಕರಡು ತಿದ್ದಿ ಬದುಕುವವನು. ಯಾವುದಾದರೂ ಆಫೀಸಿನಲ್ಲಿ ನೆಟ್ಟಗೆ ಕೂತಿದ್ದರೆ ಅವರೇ ವಿಮೆ ಮಾಡಿಸುತ್ತಿದ್ದರು, ಆದರೆ ಯಾವ ಕುರ್ಚಿಯ ಮೇಲೂ ನಾನು ಬಹಳ ಕಾಲ ಕೂತವನಲ್ಲ. ಅರ್ಜಿಯಲ್ಲಿ ಸಕ್ಕರೆ ಇದೆ ಎಂದು ಬರೆದೆ. ಮೊದಲೇ ಇರುವ ಕಾಯಿಲೆಗೆ ವಿಮೆಯವರು ಕೂಡಲೇ ಹಣ ಕೊಡುವುದಿಲ್ಲ, ಕೆಲವು ವರ್ಷ ಕಾಯಿಸುತ್ತಾರೆ. ಆ ವರ್ಷಗಳಲ್ಲಿ ಕಂತು ತಪ್ಪದೆ ಕಟ್ಟುತ್ತ, ಸಕ್ಕರೆಯಿಂದ ಯಾವ ತೊಂದರೆಯೂ ಬಾರದ ಹಾಗೆ ನೋಡಿಕೊಂಡರೆ, ಆಮೇಲೆ ಬರುವ ತೊಂದರೆಗೆ ಕೊಡುತ್ತಾರೆ. ನಾನು ಕಾದೆ.

ಕಾಯುವುದು ಮುಗಿಯುವ ಹೊತ್ತಿಗೆ ನನಗೆ ಡೆಂಗಿ ಬಂತು. ಗುಣವಾಗಿ ಡಾಕ್ಟರು ಮನೆಗೆ ಹೋಗಿ ಎಂದ ಮೇಲೂ ನಾನು ಮತ್ತು ಹೆಂಡತಿ ಆಸ್ಪತ್ರೆಯ ಬಿಲ್ಲಿನ ಕೌಂಟರ್ ಎದುರು ಕತ್ತಲಾಗುವ ತನಕ ಕೂತಿದ್ದೆವು. ರೋಗಿಯ ಡೆಂಗಿಗೂ ಸಕ್ಕರೆಗೂ ಸಂಬಂಧವೇನು ಎಂದು ವಿಮೆಯವರು ಕೇಳಿದ್ದರು. ಸೊಳ್ಳೆಗೆ ಸಿಹಿ ಇಷ್ಟವಿರಬಹುದು ಎಂದು ನಾನು ಕೌಂಟರಿನವನಿಗೆ ಹೇಳಿದೆ. ಅವನು ನಗಲಿಲ್ಲ. ಹೆಂಡತಿಯೂ ನಗಲಿಲ್ಲ. ಈ ಕಂಪನಿ ಬಿಡಬೇಕು ಎಂದು ಆಕೆ ನಿರ್ಧಾರ ಮಾಡಿದ್ದು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ.

ಅದಾಗಿ ಸ್ವಲ್ಪ ದಿನಕ್ಕೆ ಕಣ್ಣಿನ ವಿಷಯ ಬಂತು. ಬಲಗಣ್ಣಿನಲ್ಲಿ ಒಂದು ಕಪ್ಪು ಎಳೆ ತೇಲಾಡತೊಡಗಿತ್ತು. ಮೊದಮೊದಲು ಕರಡಿನ ಮೇಲೆ ಬಿದ್ದ ಕೂದಲು ಎಂದುಕೊಂಡು ಒರೆಸುತ್ತಿದ್ದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿ, ಅಕ್ಷಿಪಟಲದ ಸಣ್ಣ ರಕ್ತನಾಳಗಳು ಹಾಳಾಗುತ್ತಿವೆ, ಸದ್ಯಕ್ಕೆ ಕಾದು ನೋಡೋಣ, ಮುಂದೆ ಕಣ್ಣಿಗೆ ಇಂಜೆಕ್ಷನ್ ಬೇಕಾಗುತ್ತದೆ, ಆಪರೇಷನ್ನೂ ಬೇಕಾಗಬಹುದು ಎಂದರು. ಆಮೇಲೆ ಸಕ್ಕರೆ ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು.

"ಐದು ವರ್ಷ."

"ಕಣ್ಣು ನೋಡಿದರೆ ಅದಕ್ಕಿಂತ ಹಳೆಯದು ಅನ್ನಿಸುತ್ತೆ," ಎಂದರು ಅವರು, ಬರೆಯುತ್ತ.

ಓದುವುದೇ ನನ್ನ ಹೊಟ್ಟೆಪಾಡು. ಕಣ್ಣಿಗೆ ಚಿಕಿತ್ಸೆ ಬೇಕಾದಾಗ ಯಾರಾದರೂ ಅದರ ಭಾರ ಹೊರಬೇಕು. ಹಳೆಯ ಕಂಪನಿಯ ಪಟ್ಟಿಯಲ್ಲಿ ಆ ಕಣ್ಣಿನ ಆಸ್ಪತ್ರೆ ಇರಲಿಲ್ಲ, ಹೊಸ ಕಂಪನಿಯ ಪಟ್ಟಿಯಲ್ಲಿತ್ತು. ಪೋರ್ಟ್ ಮಾಡಿಸಿದರೆ ನಾನು ಕಾದ ವರ್ಷಗಳೂ ನನ್ನ ಜೊತೆ ಅಲ್ಲಿಗೆ ಬರುತ್ತಿದ್ದವು. ಹೆಂಡತಿಯ ಲೆಕ್ಕ ಸರಿಯಾಗಿಯೇ ಇತ್ತು. ಕಣ್ಣಿನ ವರದಿಯನ್ನೂ ಅರ್ಜಿಯ ಜೊತೆ ಕಳಿಸಿದೆವು, ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟದ್ದು ಮುಂದೆಂದಾದರೂ ಹೊರಬಿದ್ದರೆ ಪಾಲಿಸಿಯನ್ನೇ ರದ್ದು ಮಾಡುತ್ತಾರೆ ಎಂದು ಏಜೆಂಟ್ ಎಚ್ಚರಿಸಿದ್ದರು. ಆ ಎಚ್ಚರಿಕೆ ನನಗೆ ಎಷ್ಟು ಚೆನ್ನಾಗಿ ನಾಟಿತ್ತೆಂದರೆ ನಾನು ಇನ್ನೊಂದು ತುದಿಗೆ ಹೋಗಿ ಬಿದ್ದೆ.

ಅರ್ಜಿ ಹಾಕಿದ ಮೇಲೆ ಕಂಪನಿಯ ಕಡೆಯಿಂದ ಒಬ್ಬ ಡಾಕ್ಟರು ಫೋನ್ ಮಾಡಿ ಆರೋಗ್ಯದ ವಿವರ ಕೇಳುತ್ತಾರೆ, ಆ ಮಾತುಕತೆ ರೆಕಾರ್ಡ್ ಆಗುತ್ತದೆ. ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಎಂದು ಮೊದಲು ಮೊಬೈಲಿಗೆ ಒಂದು ಸಂದೇಶ ಬಂತು. ಪಟ್ಟಿಯ ಕೊನೆಯಲ್ಲಿ ಕನ್ನಡವೂ ಇತ್ತು. ದೆಹಲಿಯಲ್ಲಿ ಇಷ್ಟು ವರ್ಷ ಇದ್ದು, ಡಾಕ್ಟರ ಮುಂದೆ ಹೊಟ್ಟೆನೋವನ್ನೂ ಹಿಂದಿಯಲ್ಲೇ ಹೇಳಿಕೊಂಡವನಿಗೆ ಅದೊಂದು ಪುಟ್ಟ ಔತಣದ ಹಾಗೆ ಕಂಡಿತು. ಕನ್ನಡ ಒತ್ತಿದೆ.

ಫೋನ್ ಮಾಡಿದ ಡಾಕ್ಟರಮ್ಮನ ದನಿ ಕೇಳಿದರೆ ಇನ್ನೂ ಚಿಕ್ಕ ವಯಸ್ಸು ಎನ್ನಿಸಿತು. ದಾವಣಗೆರೆಯ ಕಡೆಯವರು ಎಂದುಕೊಂಡೆ, ಕೇಳಲಿಲ್ಲ. ಎತ್ತರ, ತೂಕ, ಮಾತ್ರೆಗಳು, ಸಿಗರೇಟು ಎಲ್ಲ ಆಯಿತು. ಆಮೇಲೆ, "ಸರ್, ಯಾವತ್ತಾದ್ರೂ ತಲೆ ಸುತ್ತಿ ಬಿದ್ದಿದ್ದು, ಪ್ರಜ್ಞೆ ತಪ್ಪಿದ್ದು, ಈ ಥರ ಏನಾದ್ರೂ ಇದೆಯಾ?" ಎಂದರು.

"ಒಂದೇ ಸಲ," ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ಅಥವಾ ಅಲ್ಲಿಯವರೆಗೂ ಹೋಗಬಾರದಿತ್ತು. "ಅದೊಂದು ದೊಡ್ಡ ಕತೆ."

"ಹೇಳಿ ಸರ್."

ಹೇಳಿದೆ. ಎಂ.ಎ. ಓದುವಾಗ ಇಲ್ಲಿನ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದೆ. ಪರೀಕ್ಷೆಯ ದಿನಗಳು, ದೆಹಲಿಯ ಚಳಿ. ಹಿಂದಿನ ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಿಗ್ಗೆ ಮೆಸ್ಸಿನ ಸಾಲಿನಲ್ಲಿ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದವನು ಧೊಪ್ಪನೆ ಬಿದ್ದೆ. ತಟ್ಟೆ ಉರುಳಿಕೊಂಡು ಹೋಗಿ ಅಡುಗೆಮನೆಯ ಬಾಗಿಲಿಗೆ ಬಡಿಯಿತು. ಹುಡುಗರು ಎತ್ತಿ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರಕ್ಕೆ ಒಯ್ದರು. ಕಣ್ಣು ಬಿಟ್ಟವನೇ, ನನ್ನ ಮೇಲೆ ಬಾಗಿದ್ದ ಪಂಜಾಬಿ ಡಾಕ್ಟರಿಗೆ, "ಮೊಸರನ್ನ ಇದೆಯಾ?" ಎಂದು ಕನ್ನಡದಲ್ಲೇ ಕೇಳಿದೆ. ಹುಡುಗ ಬಡಬಡಿಸುತ್ತಿದ್ದಾನೆ, ತಲೆಗೆ ಪೆಟ್ಟು ಬಿದ್ದಿದೆ ಎಂದು ಡಾಕ್ಟರು ಗಾಬರಿಯಾದರು. ಪಕ್ಕದಲ್ಲಿದ್ದ ವಿಜಯಪುರದ ಗೆಳೆಯ, "ಇಲ್ಲ ಸರ್, ಇವನಿಗೆ ಹಸಿವಾಗಿದೆ ಅಷ್ಟೆ," ಎಂದು ಹಿಂದಿಯಲ್ಲಿ ಹೇಳಿದ. ಆಗ ಡಾಕ್ಟರು, "ಒಂದು ಸಲ ಶುಗರ್ ನೋಡಿಸಿಕೋ, ಇಲ್ಲದಿದ್ದರೆ ಮದುವೆ ಮಾಡಿಕೋ," ಎಂದರು.

ಡಾಕ್ಟರಮ್ಮ ಚೆನ್ನಾಗಿ ನಕ್ಕರು. ಒಬ್ಬರು ಕನ್ನಡದಲ್ಲಿ ನಗುವುದನ್ನು ಕೇಳಿ ನನಗೂ ಸಂತೋಷವಾಯಿತು. ಕನ್ನಡದಲ್ಲಿ ನಗುವುದು ಎಂದರೇನು ಎಂದು ಯಾರೂ ಕೇಳಬೇಡಿ.

ನಾಲ್ಕಾರು ದಿನ ಕಳೆದು ಕಂಪನಿಯಿಂದ ಮೇಲ್ ಬಂತು. ವಿದ್ಯಾರ್ಥಿಯಾಗಿದ್ದಾಗ ಪ್ರಜ್ಞೆ ತಪ್ಪಿದ ಬಗ್ಗೆಯೂ, ಆಗ ಸಕ್ಕರೆಯ ಪರೀಕ್ಷೆ ಮಾಡಿಸಲು ವೈದ್ಯರು ಸೂಚಿಸಿದ ಬಗ್ಗೆಯೂ ತಾವು ತಿಳಿಸಿದ್ದೀರಿ, ಸಂಬಂಧಪಟ್ಟ ದಾಖಲೆಗಳನ್ನು ಕಳಿಸಿ, ಸಕ್ಕರೆ ಯಾವಾಗಿನಿಂದ ಇದೆ ಎಂಬುದನ್ನು ಸ್ಪಷ್ಟಪಡಿಸಿ ಎಂದಿತ್ತು.

ಏಜೆಂಟ್‌ಗೆ ಫೋನ್ ಮಾಡಿದೆ. ಇದು ಫೋನಿನಲ್ಲೇ ಆದದ್ದು, ಈ ಬಗ್ಗೆ ಮನೆಯಲ್ಲಿ ತಕರಾರಿಲ್ಲ.

"ಅಚ್ಛಾ ಸರ್‌ಜಿ, ಒಂದು ಮಾತು ಹೇಳಿ. ಯಾವ ಭಾಷೆ ಒತ್ತಿದಿರಿ?"

"ಕನ್ನಡ."

"ಅದೇ," ಎಂದರು ಆಕೆ ಹಿಂದಿಯಲ್ಲಿ. "ನನ್ನ ಬಂಗಾಲಿ ಗಿರಾಕಿಗಳದೂ ಇದೇ ಕತೆ. ಹಿಂದಿಯಲ್ಲಾದರೆ ಹಾಂ, ನಹೀ ಅಂತ ಮುಗಿಸ್ತಾರೆ. ತಮ್ಮ ಭಾಷೆ ಸಿಕ್ಕಿತು ಅಂದ್ರೆ ಸಾಕು, ಅಜ್ಜಿಗೆ ಕೆಮ್ಮು ಬಂದಿದ್ದರಿಂದ ಶುರು ಮಾಡ್ತಾರೆ."

ಆಮೇಲೆ ಆಕೆ ಗಂಭೀರವಾದರು. ಆ ಕಾಲದಲ್ಲೇ ಸಕ್ಕರೆ ಇತ್ತು ಎಂದಾದರೆ, ಐದು ವರ್ಷದಿಂದ ಎಂದು ನಾನು ಹಳೆಯ ಕಂಪನಿಗೆ ಕೊಟ್ಟ ಹೇಳಿಕೆಯೇ ಸುಳ್ಳಾಗುತ್ತದೆ. ಹೊಸಬರು ತೆಗೆದುಕೊಳ್ಳುವುದಿಲ್ಲ, ಹಳಬರೂ ನಾಳೆ ಕಣ್ಣಿನ ಹೊತ್ತಿಗೆ ಕೈಯೆತ್ತಬಹುದು. "ಸರ್‌ಜಿ, ಬಿದ್ದದ್ದು ಹೌದಾ ಅಲ್ಲವಾ, ಸರಿಯಾಗಿ ನೆನಪು ಮಾಡಿಕೊಳ್ಳಿ. ಆದರೆ ಬೇಗ."

ನಾನು ಓದಿದ್ದು ಇತಿಹಾಸ. ನಮಗೆ ಪಾಠ ಮಾಡಿದವರು ಒಂದು ವಿಷಯವನ್ನು ಚೆನ್ನಾಗಿ ತಿದ್ದಿ ತೀಡಿ ಕಲಿಸಿದ್ದರು: ಇದನ್ನು ಹೇಳಿದವನು ಯಾರು, ಯಾವಾಗ ಹೇಳಿದ, ಹೇಳಿದ್ದರಿಂದ ಅವನಿಗೇನು ಲಾಭ ಎಂದು ಕೇಳದೆ ಯಾವ ಸಂಗತಿಯನ್ನೂ ನಂಬಬಾರದು. ರಾಜರ ಶಾಸನಗಳನ್ನೆಲ್ಲ ಹೀಗೆ ಅನುಮಾನಿಸಿ ಅಂಕ ಗಳಿಸಿದ್ದೆ. ನನ್ನದೇ ಕತೆಯ ಮೇಲೆ ಅದನ್ನು ಪ್ರಯೋಗಿಸಿ ನೋಡಿದ್ದು ಇದೇ ಮೊದಲು. ನೋಡಿದರೆ ಕೈಗೆ ಏನೂ ಗಟ್ಟಿಯಾಗಿ ಸಿಗಲಿಲ್ಲ.

ಯಾಕೆಂದರೆ ಇದು ನನ್ನೊಬ್ಬನ ಕತೆಯಲ್ಲ. ಆ ವಿಜಯಪುರದ ಗೆಳೆಯ ಈಗ ದೆಹಲಿಯ ಆಚೆ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದಾನೆ. ದೆಹಲಿಯ ಕನ್ನಡಿಗರು ಎಲ್ಲಿ ಸೇರಲಿ, ರಾಜ್ಯೋತ್ಸವದ ಊಟವಿರಲಿ, ಅವನ ಮನೆಯ ಈದ್ ಇರಲಿ, ಊರಿನಿಂದ ಯಾರೋ ಬಂದರೆಂದು ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದ ಕ್ಯಾಂಟೀನಿನಲ್ಲಿ ಸೇರಿದ್ದಿರಲಿ, ಈ ಕತೆ ಬರಲೇಬೇಕು. ಬಿದ್ದವನು ತಾನೇ ಎಂದು ಅವನೂ ಹೇಳುತ್ತಿದ್ದ, ನಾನೇ ಎಂದು ನಾನೂ ಹೇಳುತ್ತಿದ್ದೆ. ಮೊದಲು ಕೆಲವು ವರ್ಷ ಇದಕ್ಕಾಗಿ ನಿಜವಾಗಿಯೇ ಜಗಳವಾಡಿದೆವು. ಆಮೇಲೆ ತಾನಾಗಿಯೇ ಒಂದು ಪದ್ಧತಿ ಬಂತು. ಯಾರು ಮೊದಲು ಬಾಯಿ ತೆರೆಯುತ್ತಾರೋ ಅವತ್ತು ಅವರು ಬಿದ್ದವರು, ಇನ್ನೊಬ್ಬ ಎತ್ತಿದವನು. ಎತ್ತಿದವನು ಸುಮ್ಮನೆ ಇರಬೇಕು, ಮೊಸರನ್ನದ ಹೊತ್ತಿಗೆ ತಲೆಯಾಡಿಸಬೇಕು. ಕೇಳುವವರಿಗೂ ಇದು ಗೊತ್ತಿತ್ತು. "ಇವತ್ತು ಯಾರ ಸರದಿ?" ಎಂದು ಕೇಳುತ್ತಿದ್ದರು.

ಇಷ್ಟು ವರ್ಷ ಸರದಿಯ ಮೇಲೆ ಬಿದ್ದವನಿಗೆ, ಮೊದಲ ಸಲ ನಿಜವಾಗಿ ಬಿದ್ದವನು ಯಾರು ಎಂದು ಹೇಗೆ ಗೊತ್ತಾಗಬೇಕು?

ನೆನಪಿನಲ್ಲಿ ನನಗೆ ಎರಡೇ ವಸ್ತುಗಳು ಗಟ್ಟಿಯಾಗಿ ಸಿಗುತ್ತಿದ್ದವು. ಒಂದು, ತಟ್ಟೆ ಉರುಳಿದ ಶಬ್ದ. ಅದು ನಿಂತವನಿಗೂ ಕೇಳಿಸುತ್ತದೆ, ಸಾಕ್ಷಿಯಾಗುವುದಿಲ್ಲ. ಇನ್ನೊಂದು, ಕೆನ್ನೆಗೆ ತಗುಲಿದ ಮೊಸಾಯಿಕ್ ನೆಲದ ತಂಪು. ಇದು ಬಿದ್ದವನಿಗೆ ಮಾತ್ರ ಗೊತ್ತಿರಬೇಕಾದದ್ದು. ಆದರೆ ಕತೆ ಹೇಳುವಾಗ ಜನ ಮೆಚ್ಚಲಿ ಎಂದು ಇದನ್ನು ನಾನೇ ಸೇರಿಸಿರಲೂಬಹುದು. ಹಳೆಯ ಕಾವ್ಯಗಳಲ್ಲಿ ಆಮೇಲಿನವರು ಸೇರಿಸಿದ ಪದ್ಯಗಳನ್ನು ಪ್ರಕ್ಷಿಪ್ತ ಎನ್ನುತ್ತಾರೆ. ಶುಗರ್ ನೋಡಿಸಿಕೋ ಎಂಬ ಮಾತೂ ಪ್ರಕ್ಷಿಪ್ತವೇ ಇರಬೇಕು, ನನಗೆ ಸಕ್ಕರೆ ಬಂದ ಮೇಲೆ ತಮಾಷೆಗೆಂದು ಸೇರಿಕೊಂಡದ್ದು. ಮೊದಲು ಡಾಕ್ಟರು ಮದುವೆ ಮಾಡಿಕೋ ಎಂದಷ್ಟೇ ಹೇಳುತ್ತಿದ್ದರೇ? ಅಥವಾ ಮದುವೆಯೇ ಪ್ರಕ್ಷಿಪ್ತವೇ? ಕಣ್ಣಿನ ಡಾಕ್ಟರ ಮಾತು ಬೇರೆ ಬೆನ್ನಿಗಿತ್ತು. ಕಣ್ಣು ನೋಡಿದರೆ ಹಳೆಯದು ಅನ್ನಿಸುತ್ತೆ. ಎಷ್ಟು ಹಳೆಯದು?

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಯ ನೆಲದ ಮೇಲೆ ಮಲಗಿ ಬಲಗೆನ್ನೆಯನ್ನು ಒತ್ತಿ ನೋಡಿದೆ. ಆ ತಂಪಿಗೆ ಒಳಗಿನಿಂದ ಏನಾದರೂ ಓಗೊಡುತ್ತದೆಯೋ ಎಂದು. ಏನೂ ಆಗಲಿಲ್ಲ. ನಮ್ಮದು ಮೊಸಾಯಿಕ್ ಅಲ್ಲ, ಟೈಲ್ಸು. ಅದಕ್ಕೇ ಇರಬಹುದು ಎಂದು ಎಡಗೆನ್ನೆಗೆ ತಿರುಗುತ್ತಿದ್ದೆ, ಬಾಗಿಲು ತೆರೆದು ಹೆಂಡತಿ ಬಂದಳು. ತರಕಾರಿ ಚೀಲ ಅಲ್ಲೇ ಬಿಟ್ಟು ಓಡಿ ಬಂದು ನನ್ನ ತಲೆ ಹಿಡಿದು ಎತ್ತಿದಳು.

"ಶುಗರ್ ಇಳೀತಾ? ಬೆವರ್ತಿದೀರಾ? ಮಾತಾಡ್ರೀ."

"ಬಿದ್ದಿಲ್ಲ. ಮಲಗಿದೀನಿ."

"ಇಲ್ಲಿ?"

"ಬಿದ್ದರೆ ಹೇಗಿರುತ್ತೆ ಅಂತ ನೋಡ್ತಿದ್ದೆ."

ಅವಳು ನನ್ನ ತಲೆಯನ್ನು ಮೆಲ್ಲಗೆ ನೆಲದ ಮೇಲೆ ವಾಪಸು ಇಟ್ಟು ಎದ್ದಳು. "ಅಲ್ರೀ, ಅವರು ಕೇಳಿದ್ದು ಹೌದೋ ಅಲ್ಲವೋ ಅಂತ. ನೀವು ಪಿಎಚ್‌ಡಿ ಮಾಡ್ತಾ ಇದೀರಲ್ಲ. ಭಾನುವಾರ ನಿಮ್ಮ ಆ ವಿಜಯಪುರದವರನ್ನ ಊಟಕ್ಕೆ ಕರೀರಿ, ಕೇಳಿಬಿಡಿ. ಜೊತೆಗೆ ಇದ್ದವರು ಅವರೇ ತಾನೆ."

ಭಾನುವಾರ ಗೆಳೆಯ ಬಂದ. ಜೋಳದ ಹಿಟ್ಟು ತಂದಿದ್ದ, ಊರಿನಿಂದ ಬಂದವರು ಯಾರೋ ಕೊಟ್ಟಿದ್ದು. ಅವನ ತೂಕ ಇಳಿದಿತ್ತು. ಬಿಪಿ ಬಂದಿದೆ, ಉಪ್ಪು ಬಿಟ್ಟಿದ್ದೇನೆ ಎಂದು ಹೇಳುತ್ತಲೇ ಉಪ್ಪಿನಕಾಯಿ ಹಾಕಿಸಿಕೊಂಡ. ಊಟದ ನಡುವೆ ನಾನು ವಿಷಯ ತೆಗೆದೆ. ವಿಮೆ, ಕಣ್ಣು, ಫೋನಿನ ಡಾಕ್ಟರಮ್ಮ ಎಲ್ಲ ಹೇಳಿ, ನಿಜ ಹೇಳು, ಅವತ್ತು ಬಿದ್ದವನು ನೀನಲ್ಲವೇ ಎಂದು ಕೇಳಿದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಾ ಯಾಕ ಬೀಳಲಿ? ನೀ ಬಿದ್ದಿದ್ದಿ. ನಾ ನಿನ್ನ ಕಾಲ ಹಿಡದು ಎತ್ತಿದ್ದೆ."

"ಹೋದ ರಾಜ್ಯೋತ್ಸವದಲ್ಲಿ ನೀನೇ ಬಿದ್ದೆ ಅಂತ ಮೈಕ್ ಹಿಡಕೊಂಡು ಹೇಳಿದೆಯಲ್ಲ."

"ಮೈಕ್ ಕೊಟ್ರ ನಾ ಏನರೇ ಹೇಳತೇನಿ."

"ಮೊದಲು ಅಷ್ಟು ವರ್ಷ ಜಗಳ ಆಡಿದ್ದು ಯಾಕೆ ಹಾಗಿದ್ರೆ?"

"ಲೇ, ವಿಚಾರ ಮಾಡು. ಎದ್ದಾಂವ ಏನ್ ಕೇಳಿದಾ? ಮೊಸರನ್ನ. ವಿಜಾಪುರದಾಂವ ಮೂರ್ಛೆದಾಗ ಮೊಸರನ್ನ ಕೇಳತಾನೇನು? ನಾ ಬಿದ್ದಿದ್ರ ರೊಟ್ಟಿ ಕೇಳತಿದ್ದೆ. ರೊಟ್ಟಿ ಅಂದಿದ್ರ ಆ ಪಂಜಾಬಿ ಡಾಕ್ಟರಗ ತಿಳೀತಿತ್ತು, ಕತೀನ ಆಗತಿರಲಿಲ್ಲ. ಕತಿ ಆಗೇದ ಅಂದ್ರ ಬಿದ್ದಾಂವ ನೀನ."

ತರ್ಕ ಎಷ್ಟು ಚೆನ್ನಾಗಿತ್ತೆಂದರೆ ಅಷ್ಟು ವರ್ಷ ಅವನು ಇದನ್ನು ಯಾಕೆ ಹೇಳಿರಲಿಲ್ಲ ಎಂದು ಅನುಮಾನವಾಯಿತು. ಆಗ ನನಗೆ ಮೂರನೆಯ ಪ್ರಶ್ನೆ ನೆನಪಾಯಿತು: ಹೇಳಿದ್ದರಿಂದ ಅವನಿಗೇನು ಲಾಭ.

"ನೀನೂ ಎಲ್ಲಾದರೂ ಅರ್ಜಿ ಹಾಕಿದ್ದೀಯಾ?"

ಅವನು ನನ್ನ ಹೆಂಡತಿಯ ಕಡೆ ನೋಡಿದ. "ಭಾಭಿ, ಪಲ್ಯ ಭಾಳ ಚಲೋ ಆಗೇದ."

"ಹಾಕಿದ್ದೀಯಾ?"

"ಹಾಕೇನಿ. ಕಂಪನಿ ಇನ್ಶೂರನ್ಸ್ ಕೆಲಸ ಇರೂತನಕ ಅಷ್ಟ. ಕೆಲಸ ಬಿಟ್ಟ ಮ್ಯಾಲ ಬಿಪಿ ಇದ್ದಾಂವಗ ಯಾರ ಕೊಡತಾರ? ಅದಕ್ಕ ಈಗ ಒಂದು ಸ್ವಂತದ್ದು ಮಾಡಸಾಕತ್ತೇನಿ. ಮುಂದಿನ ವಾರ ನನಗೂ ಡಾಕ್ಟರ್ ಫೋನ್ ಬರೂದೈತಿ." ರೊಟ್ಟಿ ಮುರಿಯುತ್ತ ಮತ್ತೆ ಹೇಳಿದ, "ನಾ ಬಿದ್ದಿಲ್ಲ, ದೋಸ್ತ. ನನ್ನ ಹೆಸರು ಬರೀಬ್ಯಾಡ."

ಇಷ್ಟು ವರ್ಷ ನನ್ನದು ನನ್ನದು ಎಂದು ಎಳೆದಾಡಿದ ಆ ಬೀಳುವಿಕೆ ಊಟದ ಮೇಜಿನ ಮೇಲೆ ಇಬ್ಬರಿಗೂ ಬೇಡವಾಗಿ ಕೂತಿತ್ತು. ಹೆಂಡತಿ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ಕಾಲೇಜಿಗೆ ಹೋಗುವ ನಮ್ಮ ಮಗಳು ಅಷ್ಟು ಹೊತ್ತೂ ಫೋನ್ ನೋಡುತ್ತಿದ್ದವಳು ತಲೆಯೆತ್ತಿ, ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಮಾತಾಡಿದಳು.

"ಅಪ್ಪಾ, ನಾನು ಚಿಕ್ಕವಳಿದ್ದಾಗ ನೀನು ಹೇಳೋ ಕತೇಲಿ ಅಂಕಲ್ ಹೀ ಬೀಳ್ತಿದ್ರು. ನೀನು ಲೈನಲ್ಲಿ ಅವರ ಹಿಂದೆ ನಿಂತಿದ್ದೆ. ನಿನ್ನ ಕೈಯಿಂದ ಪ್ಲೇಟ್ ಬಿತ್ತು, ಡರ್ ಕೇ ಮಾರೇ. ಫಿರ್ ಪತಾ ನಹೀ, ಯಾವಾಗ ಚೇಂಜ್ ಮಾಡಿದೆ."

"ಮಗಳ, ನೀ ಸಣ್ಣಾಕಿ ಇದ್ದಿ, ನಿದ್ದಿಗಣ್ಣಾಗ ಕೇಳಿರತಿ," ಎಂದ ಗೆಳೆಯ.

"ಅಂಕಲ್, ದಿನಾ ಕೇಳಿದೀನಿ. ಐಸೇ ಹೇಗೆ ಮರೀತೀನಿ? ಆದರೆ ಮೊಸರನ್ನ ಯಾರು ಕೇಳಿದ್ದು ಅಂತ ನನಗೆ ಯಾದ್ ಇಲ್ಲ."

ಭಯದಿಂದ ಕೈಜಾರಿದ ತಟ್ಟೆ. ಅದನ್ನು ಕೇಳಿದ ಕ್ಷಣ ನನ್ನ ಬೆರಳುಗಳಲ್ಲಿ ತಟ್ಟೆಯ ಅಂಚು ಜಾರಿದ ಹಾಗೆ ಆಯಿತು, ಎಷ್ಟು ಸ್ಪಷ್ಟವಾಗಿ ಎಂದರೆ ಕೆನ್ನೆಯ ತಂಪಿಗಿಂತಲೂ ಸ್ಪಷ್ಟವಾಗಿ. ಆದರೆ ಅದು ನೆನಪೋ, ಅವಳು ಹೇಳಿದ್ದರಿಂದ ಆಗಷ್ಟೇ ಹುಟ್ಟಿದ್ದೋ? ಚಹಾದ ಕಪ್ಪೂ ನನಗೆ ಇಷ್ಟೇ ಸ್ಪಷ್ಟವಾಗಿದೆ.

ಹೋಗುವಾಗ ಗೆಳೆಯ ಮೆಟ್ಟಿಲ ಮೇಲೆ ನಿಂತು, ದನಿ ಇಳಿಸಿ, "ಖರೇ ಹೇಳಲೇನು? ನನಗೂ ಗೊತ್ತಿಲ್ಲ," ಎಂದ. "ಇಬ್ಬರದಾಗ ಒಬ್ಬಾಂವ ಬಿದ್ದದ್ದು ಖರೆ. ಅಥವಾ ಆ ಕಲಬುರ್ಗಿ ಹುಡುಗ ಇದ್ನಲ್ಲ, ಅಂವ ಬಿದ್ದಿದ್ನೇನು?"

ಕಲಬುರ್ಗಿಯ ಹುಡುಗನೊಬ್ಬನಿದ್ದ ಎಂದು ನನಗೆ ನೆನಪೇ ಇಲ್ಲ.

ಸ್ಪಷ್ಟೀಕರಣ ಬರೆಯಲು ಕೂತು ಹೀಗೆ ಬರೆದೆ: ನನಗೆ ಸಕ್ಕರೆ ಇರುವುದು ಗೊತ್ತಾದ ರಕ್ತ ಪರೀಕ್ಷೆಯ ವರದಿ ಇದೆ, ಲಗತ್ತಿಸಿದ್ದೇನೆ. ವಿದ್ಯಾರ್ಥಿಯಾಗಿದ್ದಾಗ ಮೆಸ್ಸಿನಲ್ಲಿ ಒಬ್ಬರು ಬಿದ್ದದ್ದು ನಿಜ, ಅದು ನಾನೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ನಾನಲ್ಲ ಎನ್ನಲೂ ಇಲ್ಲ. ಇದನ್ನು ಏಜೆಂಟ್‌ಗೆ ಓದಿ ಹೇಳಿದೆ. "ಸರ್‌ಜಿ, ಇಂಥ ಕಾಗದ ಯಾರೂ ಬರೆಯಲ್ಲ. ಇನ್ನೊಂದು ಸಲ ಫೋನ್ ಮಾಡಲಿ ಅಂತ ಕೇಳ್ತೀನಿ. ಈ ಸಲ ಹಿಂದಿ ಒತ್ತಿ."

ಹಿಂದಿ ಒತ್ತಿದೆ. ಈ ಸಲ ಗಂಡಸಿನ ದನಿ, ಅವಸರದ್ದು. ಆಸ್ಪತ್ರೆಗೆ ಸೇರಿಸಿದ್ದರೇ? ನಹೀ. ಯಾವುದಾದರೂ ಪರೀಕ್ಷೆ? ಯಾದ್ ನಹೀ, ನೆನಪಿಲ್ಲ. ಔಷಧಿ? ನಹೀ. ಆಮೇಲೆ ಮತ್ತೆಂದಾದರೂ ಆಯಿತೇ? ನಹೀ. ನನ್ನ ಹಿಂದಿಯಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಆದರೂ, ಬಿದ್ದವರು ನೀವೇ ತಾನೆ ಎಂದು ಅವರು ಕೇಳಿದಾಗ, "ಶಾಯದ್," ಎಂದೆ. ಇರಬಹುದು.

"ಶಾಯದ್ ಅನ್ನೋ ಆಪ್ಷನ್ ಇಲ್ಲ ಸರ್. ಹಾಂ ಅಥವಾ ನಹೀ."

"ಪತಾ ನಹೀ," ಎಂದೆ. ಗೊತ್ತಿಲ್ಲ. ನನಗೆ ನಿಜವಾಗಿ ಗೊತ್ತಿದ್ದದ್ದು ಅದೊಂದೇ.

ಅವರು ಏನೋ ಟೈಪ್ ಮಾಡಿದರು, ಏನೆಂದು ಹೇಳಲಿಲ್ಲ. "ಕಣ್ಣಿನ ರಿಪೋರ್ಟ್ ನಿಮ್ಮದೇ ತಾನೆ?"

"ಹಾಂ. ಅದು ನನ್ನದೇ."

ಒಂದು ವಾರದಲ್ಲಿ ಉತ್ತರ ಬಂತು. ಸದ್ಯಕ್ಕೆ ತಮ್ಮ ಅರ್ಜಿಯನ್ನು ಸ್ವೀಕರಿಸಲು ಆಗುತ್ತಿಲ್ಲ. ಕಾರಣ, ಕಣ್ಣು. ಅಕ್ಷಿಪಟಲದ ವರದಿಯನ್ನು ಉಲ್ಲೇಖಿಸಿ ಎರಡು ಸಾಲು ಬರೆದಿದ್ದರು. ಮೆಸ್ಸಿನ ಬಗ್ಗೆ, ತಟ್ಟೆಯ ಬಗ್ಗೆ, ನಾನು ಬಿದ್ದದ್ದೋ ಬೀಳದ್ದೋ ಯಾವುದರ ಬಗ್ಗೆಯೂ ಒಂದು ಮಾತಿರಲಿಲ್ಲ. ಮೇಲ್ ಅನ್ನು ಮತ್ತೆ ಮತ್ತೆ ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕಿದೆ. ಬೇಸರವಾಗಬೇಕಾದದ್ದು ಅರ್ಜಿ ಹೋದದ್ದಕ್ಕೆ. ನನಗೆ ಬೇಸರವಾದದ್ದು ಅವರು ತೀರ್ಪು ಕೊಡದೆ ಬಿಟ್ಟದ್ದಕ್ಕೆ ಎನ್ನಿಸಿ ನಾಚಿಕೆಯಾಯಿತು.

"ನೀವು ನೆಲಕ್ಕೆ ಕೆನ್ನೆ ಒತ್ತಿ ಮಲಗಿದ್ರಿ, ಅವರು ಕಣ್ಣು ನೋಡಿದ್ರು," ಎಂದಳು ಹೆಂಡತಿ. ಅವಳೇ ಹಳೆಯ ಕಂಪನಿಯ ಪಾಲಿಸಿಯನ್ನು ದಿನ ಮೀರುವ ಮೊದಲು ನವೀಕರಿಸಿದಳು. ಕಾದ ವರ್ಷಗಳು ಅಲ್ಲಂತೂ ನನ್ನವೇ ಆಗಿ ಉಳಿದಿದ್ದವು.

ಗೆಳೆಯನ ಅರ್ಜಿ ಪಾಸಾಯಿತು. ಪಾಲಿಸಿ ಕೈಗೆ ಬಂದ ದಿನವೇ ಫೋನ್ ಮಾಡಿದ. "ಇನ್ನ ಬೇಕಾದ್ರ ಬರಕೊ. ಬಿದ್ದಾಂವ ನಾನ. ಮುಂದಿನ ರಾಜ್ಯೋತ್ಸವಕ್ಕ ನಾನ ಹೇಳಾಂವ, ನೀ ತಲ್ಯಾಡಸು."

"ಮೊಸರನ್ನ?"

"ಅದು ನಿಂದ ಇರಲಿ."

ಚಳಿಗಾಲ ಮುಗಿಯುವ ಮುಂಚೆ ಬಲಗಣ್ಣಿನ ಎಳೆ ಜೇಡನ ಬಲೆಯಂತಾಯಿತು. ಕರಡಿನಲ್ಲಿ ಸಾಲುಗಳ ನಡುಭಾಗ ಕಾಣದೆ ಎರಡು ಕೊನೆಗಳನ್ನು ನೋಡಿ ನಡುವಿನದನ್ನು ಊಹಿಸುತ್ತಿದ್ದೆ. ಹಳೆಯ ಕಂಪನಿಯ ಪಟ್ಟಿಯಲ್ಲಿದ್ದ ಬೇರೊಂದು ಕಣ್ಣಿನ ಆಸ್ಪತ್ರೆಗೆ ಹೋದೆವು. ನರ್ಸ್ ಎರಡೂ ಕಣ್ಣಿಗೆ ಹನಿ ಹಾಕಿ ಕೂರಿಸಿದಳು. ಎದುರಿನ ಗೋಡೆ, ಗಡಿಯಾರ, ಹೆಂಡತಿಯ ಮುಖ ಎಲ್ಲ ಒಂದರೊಳಗೊಂದು ಕರಗಿದವು. ಒಬ್ಬ ಕಿರಿಯ ಡಾಕ್ಟರು ಬಂದು ಪಕ್ಕದಲ್ಲಿ ಕೂತದ್ದು ದನಿಯಿಂದ ಗೊತ್ತಾಯಿತು.

"ಶುಗರ್ ಕಬ್ ಸೇ ಹೈ?"

ಎಷ್ಟು ವರ್ಷದಿಂದ. ಇಲ್ಲಿ ಅವರು ಬರೆದುಕೊಳ್ಳುವ ಒಂದು ಅಂಕಿ ನೇರವಾಗಿ ವಿಮೆಯವರಿಗೆ ಹೋಗುತ್ತದೆ, ಅದರ ಮೇಲೆ ಕಣ್ಣು ನಿಂತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಾದದ್ದು ಯಾವಾಗ ಎಂಬುದು ಒಂದು ಪ್ರಶ್ನೆ, ಇರುವುದು ಯಾವಾಗಿನಿಂದ ಎಂಬುದು ಇನ್ನೊಂದು ಎಂದು ಹೇಳಲು ಬಾಯಿ ತೆರೆದೆ. ಹೆಂಡತಿಯ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಿತು. "ಐದು ವರ್ಷದ ಹಿಂದೆ ಗೊತ್ತಾಯ್ತು," ಎಂದು ಹಿಂದಿಯಲ್ಲಿ ಅವಳೇ ಹೇಳಿದಳು. ಡಾಕ್ಟರು ಬರೆದುಕೊಂಡು ಹೋದರು.

ಆಮೇಲೆ ಕಾದೆವು. ಈ ಸಲವೂ ಪ್ಲಾಸ್ಟಿಕ್ ಕುರ್ಚಿಗಳೇ. ಸಂಜೆಯಾಗುತ್ತ ಬಂದಾಗ ವಿಮೆಯ ಮೇಜಿನವನು ನಮ್ಮನ್ನು ಕರೆದು, ಒಪ್ಪಿಗೆ ಬಂದಿದೆ, ಇಲ್ಲಿ ಸಹಿ ಮಾಡಿ ಎಂದು ಕಾಗದ ಮುಂದಿಟ್ಟ. ನನಗೆ ಬಿಳಿ ಬಿಟ್ಟು ಏನೂ ಕಾಣಿಸಲಿಲ್ಲ. ಸಹಿ ಮಾಡುವ ಮೊದಲು ಓದಿ ಹೇಳು ಎಂದೆ. ಹೆಂಡತಿ ಓದುತ್ತ ಹೋದಳು: ಹೆಸರು, ವಯಸ್ಸು, ಬಲಗಣ್ಣು, ಇಂಜೆಕ್ಷನ್, ಸಕ್ಕರೆ ಐದು ವರ್ಷದಿಂದ, ಮಾಹಿತಿ ನೀಡಿದವರು ರೋಗಿ.

"ರೋಗಿ ಅಂತ ಇದೆಯಾ? ಹೇಳಿದ್ದು ನೀನಲ್ಲವಾ?"

"ನಾನಾ? ನಾನು ಬಾಯೇ ಬಿಡಲಿಲ್ಲ. ಎಲ್ಲಿ ಮತ್ತೆ ಹಾಸ್ಟೆಲ್ ಕತೆ ಶುರು ಮಾಡ್ತೀರೋ ಅಂತ ಕೈ ಹಿಡಕೊಂಡು ಕೂತಿದ್ದೆ. ಐದು ವರ್ಷ ಅಂತ ನೀವೇ ಹೇಳಿದ್ರಿ, ಒಂದೇ ಮಾತಲ್ಲಿ. ನನಗೇ ಆಶ್ಚರ್ಯ ಆಯ್ತು."

ಅವಳ ದನಿಯಲ್ಲಿ ತಮಾಷೆ ಇದೆಯೇ ಎಂದು ಮುಖ ನೋಡಿದೆ. ಮುಖ ಇರಬೇಕಾದ ಕಡೆ ಬೆಳಕಿನ ಒಂದು ಮುದ್ದೆ ಇತ್ತು. ಅವಳು ನನ್ನ ಕೈಗೆ ಪೆನ್ನು ಕೊಟ್ಟು, ನನ್ನ ಬೆರಳು ಹಿಡಿದು ಕಾಗದದ ಮೇಲೆ ಒಂದು ಕಡೆ ಇಟ್ಟಳು. "ಇಲ್ಲಿ," ಎಂದಳು. ನಾನು ಅಲ್ಲಿ ಸಹಿ ಮಾಡಿದೆ.